ಗೋಡೆಯ ಕೆಳಗೆ ಹೋದ ಸ್ಕ್ರೂಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಿ.ಕಾಂ. ಮುಗಿಸಿ ಸೇರಿದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಬೆಳೆಸಿದ ಮಿಡಿಸೌತೆಯನ್ನು ಉಪ್ಪುನೀರಿನಲ್ಲೂ ವಿನಿಗರಿನಲ್ಲೂ ನೆನೆಹಾಕಿ ವಿದೇಶಕ್ಕೆ ಕಳಿಸುವುದು ಅಲ್ಲಿಯ ಕೆಲಸ. ದಿನಾ ಬೆಳಿಗ್ಗೆ ಟಿ. ನರಸೀಪುರದಿಂದ ಬಸ್ಸು ಹತ್ತಿ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತವರು ಒಂದೆರಡು ಸಲ ಮೂಗು ಎಳೆದು ಕಿಟಕಿ ಸರಿಸುತ್ತಿದ್ದರು. ಮನೆಗೆ ಬಂದರೆ ಅಮ್ಮ, "ಬಂತು ನೋಡು ಉಪ್ಪಿನಕಾಯಿ ಜಾಡಿ" ಎಂದು ನಗುತ್ತಿದ್ದಳು.

ನನ್ನದು ಡಿಸ್ಪ್ಯಾಚ್ ವಿಭಾಗ. ಖಾಲಿ ಕಂಟೈನರು ಹೊತ್ತ ಟ್ರೈಲರ್ ಲಾರಿ ಚೆನ್ನೈ ಕಡೆಯಿಂದ ಬರುತ್ತಿತ್ತು. ಅದು ಹಿಮ್ಮುಖವಾಗಿ ಬಂದು ಕಟ್ಟೆಗೆ ತಾಗಿ ನಿಂತರೆ ನಮ್ಮ ಹುಡುಗರು ಸರಕು ತುಂಬುತ್ತಿದ್ದರು. ತೆರಿಗೆ ಇಲಾಖೆಯ ಎಕ್ಸೈಸ್ ಸಾಹೇಬರು ಬಂದು ನೋಡಿ, ಬಾಗಿಲು ಮುಚ್ಚಿಸಿ, ಸೀಲು ಹಾಕಿಸುತ್ತಿದ್ದರು. ಸೀಲು ಎಂದರೆ ಬೆರಳುದ್ದದ ಉಕ್ಕಿನ ಬೋಲ್ಟು. ಚಿಲಕದ ತೂತಿಗೆ ಹಾಕಿ ಒತ್ತಿದರೆ 'ಟಕ್' ಎಂದು ಕೂರುತ್ತದೆ, ಆಮೇಲೆ ಕತ್ತರಿಸದೆ ಬರುವುದಿಲ್ಲ. ಅದರ ಮೇಲಿನ ನಂಬರನ್ನೂ ಕಂಟೈನರಿನ ನಂಬರನ್ನೂ ಕಾಗದಪತ್ರಗಳಲ್ಲಿ ಬರೆಯುವವಳು ನಾನು. ಕಂಟೈನರಿನ ನಂಬರೆಂದರೆ ನಾಲ್ಕು ಇಂಗ್ಲಿಷ್ ಅಕ್ಷರ, ಏಳು ಅಂಕಿ. ಕೊನೆಯ ಅಂಕಿ ಮಿಕ್ಕವನ್ನೆಲ್ಲ ಲೆಕ್ಕ ಹಾಕಿ ಬರುವಂಥದ್ದು, ಒಂದು ಅಂಕಿ ತಪ್ಪು ಬರೆದರೂ ಗೊತ್ತಾಗುತ್ತದೆ ಎಂದು ಯಾರೋ ಹೇಳಿದ ಮೇಲೆ, ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂಭಾಗದಲ್ಲಿ ಆ ಲೆಕ್ಕ ಮಾಡಿ ನೋಡುತ್ತಿದ್ದೆ. ಸರಿ ಬಂದಾಗ ಏನೋ ಖುಷಿ.

ತುಂಬುವ ಮೊದಲು ಖಾಲಿ ಕಂಟೈನರನ್ನು ಗುಡಿಸಬೇಕಿತ್ತು. ಗುಡಿಸುತ್ತಿದ್ದವರು ಕವಲಂದೆ ಕಡೆಯ ಒಬ್ಬ ಹೆಂಗಸು, ಆಗ ನಲವತ್ತೈದರ ಆಸುಪಾಸು. ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಅವ್ವಾ ಎನ್ನುತ್ತಿದ್ದರು. ಕಂಟೈನರಿಗೆ ಅವರ ಬಾಯಲ್ಲಿ ಡಬ್ಬ ಎಂದು ಹೆಸರು. ಬಾಗಿಲು ತೆಗೆದ ಕೂಡಲೇ ಒಳಗೆ ಹೋಗದೆ ಹೊಸಿಲಲ್ಲೇ ನಿಂತು ಒಮ್ಮೆ ಉಸಿರೆಳೆದುಕೊಳ್ಳುವುದು ಅವರ ಅಭ್ಯಾಸ. "ಕಾಪಿ ಬೀಜ," "ರಬ್ಬರು," "ಇದರಲ್ಲಿ ಮೀನು ಓಗಿತ್ತು ಕನವ್ವ, ಎಲ್ಡು ಸಲ ತೊಳಿಬೇಕು" ಎನ್ನುತ್ತಿದ್ದರು. ನೆಲದ ಪ್ಲೈವುಡ್ಡಿಗೆ ಹೊಡೆದ ಸ್ಕ್ರೂಗಳ ತಲೆಯ ಸುತ್ತ ಕೊಳೆ ಕೂತಿರುತ್ತದೆ. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆಯುತ್ತಿದ್ದರು. ಅಲ್ಲಿ ಸಿಕ್ಕ ಯಾವುದೋ ಕಾಳು, ಯಾವುದೋ ಮರದ ಚಕ್ಕೆ ನನ್ನ ಮೇಜಿನ ಮೇಲೆ ತಂದಿಟ್ಟು, "ಇದು ಯಾವ ದೇಸದ್ದು?" ಎಂದು ಕೇಳುತ್ತಿದ್ದರು. ನನಗೆಲ್ಲಿ ಗೊತ್ತು. ಒಂದು ಸಲ ಬಿಳಿಯ ಚಪ್ಪಟೆ ಬೀಜವೊಂದು ಸಿಕ್ಕಿತು. ಅದನ್ನು ಮನೆಯ ಹಿತ್ತಲಲ್ಲಿ ಊರಿದರಂತೆ, ಹುಟ್ಟಲಿಲ್ಲ.

ಎರಡು ಸಾವಿರದ ಎರಡೋ ಮೂರೋ ಇರಬೇಕು, ಸರಕು ಕೊಳ್ಳುವ ವಿದೇಶದ ಕಂಪನಿಯಿಂದ ಒಂದು ಕಾಗದ ಬಂತು. ಹಡಗಿನಲ್ಲಿ ಬರುವ ಕಂಟೈನರುಗಳ ವಿಷಯದಲ್ಲಿ ಅವರ ಸರ್ಕಾರ ಬಿಗಿಯಾಗಿದೆ, ಇನ್ನು ಮುಂದೆ ಪ್ರತಿ ಖಾಲಿ ಕಂಟೈನರನ್ನೂ ಏಳು ಕಡೆ ಪರೀಕ್ಷಿಸಿ ಬರೆದು ಕಳಿಸಬೇಕು ಎಂದು. ಮುಂದಿನ ಗೋಡೆ, ಎಡಗೋಡೆ, ಬಲಗೋಡೆ, ನೆಲ, ಸೂರು, ಬಾಗಿಲು, ಅಡಿಭಾಗ. ನಮ್ಮ ಮ್ಯಾನೇಜರು ಮೈಸೂರಿನವರು, ಸ್ಕೂಟರಿನಲ್ಲಿ ಬರುತ್ತಿದ್ದರು. ಅವರು ಕಾಗದವನ್ನು ಓದಿ, "ಸೌತೆಕಾಯಿ ಜೊತೆ ನಾವೇನು ಬಾಂಬ್ ಕಳಿಸ್ತೀವಾ?" ಎಂದು ನಕ್ಕರು. ಆದರೂ ಏಳು ಚೌಕಗಳಿರುವ ಒಂದು ಹಾಳೆ ಮಾಡಿಸಿ, ಜೆರಾಕ್ಸ್ ಹಾಕಿಸಿ, ಒಂದು ಕಟ್ಟು ನನ್ನ ಕೈಗೆ ಕೊಟ್ಟರು.

ಈಗ ಹೇಳಲು ನಾಚಿಕೆಯಾಗುತ್ತದೆ. ಲಾರಿ ಗೇಟಿಗೆ ಬಂತು ಎಂದು ಫೋನು ಬಂದ ಕೂಡಲೇ ನಾನು ಕುರ್ಚಿಯಲ್ಲಿ ಕೂತೇ ಏಳು ಚೌಕಕ್ಕೂ ಟಿಕ್ ಹಾಕಿಬಿಡುತ್ತಿದ್ದೆ. ಒಂದು ವರ್ಷ ಹಾಗೇ ನಡೆಯಿತು. ಯಾರೂ ಕೇಳಲಿಲ್ಲ.

ಅದೊಂದು ಮಂಗಳವಾರ ಬೆಳಿಗ್ಗೆ. ಕಂಟೈನರು ಬಂದು ಕಟ್ಟೆಗೆ ನಿಂತಿತ್ತು. ಡ್ರೈವರು ಸೇಲಂ ಕಡೆಯವನು, ಐವತ್ತರ ಮೇಲಿನ ವಯಸ್ಸು, ಬಂದವನೇ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ. ನನ್ನ ಹಾಳೆಗೆ ಆಗಲೇ ಏಳು ಟಿಕ್ ಬಿದ್ದಿದ್ದವು. ಅಕ್ಕ ಪೊರಕೆ ಹಿಡಿದುಕೊಂಡೇ ಬಾಗಿಲ ಹತ್ತಿರ ಬಂದು ನಿಂತರು.

"ಅವ್ವಾ, ಒಸಿ ಬಂದು ನೋಡು."

"ಯಾಕಕ್ಕ, ಏನು ಸಿಕ್ತು?"

"ಸಿಕ್ಕಿರದೇನೂ ಇಲ್ಲ. ಸ್ಕ್ರೂ ಗ್ವಾಡ ಕೆಳಕ್ಕೆ ಓಗವೆ."

ನನಗೆ ಅರ್ಥವಾಗಲಿಲ್ಲ. ಆದರೂ ಎದ್ದು ಹೋದೆ. ಕಂಟೈನರಿನ ಒಳಗೆ ನಾನು ಅಷ್ಟು ದೂರ, ಕೊನೆಯ ಗೋಡೆಯವರೆಗೆ, ನಡೆದು ಹೋದದ್ದು ಅದೇ ಮೊದಲು. ಒಳಗೆ ಮಾತಾಡಿದರೆ ದನಿ ದಪ್ಪವಾಗಿ ಕೇಳುತ್ತದೆ. ಅಕ್ಕ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ತೋರಿಸಿದರು. ನೆಲದಲ್ಲಿ ಅಡ್ಡಡ್ಡಕ್ಕೆ ಸ್ಕ್ರೂಗಳ ಸಾಲು. ಕೊನೆಯ ಸಾಲಿನ ಪ್ರತಿ ಸ್ಕ್ರೂವಿನ ತಲೆಯೂ ಅರ್ಧಕ್ಕೆ ನಿಂತಿತ್ತು. ಮಿಕ್ಕ ಅರ್ಧ ಗೋಡೆಯ ಅಡಿಗೆ ಹೋಗಿತ್ತು.

"ನಾನು ದಿನಾ ಉಜ್ಜದು ಇವುನ್ನೇ ಅಲ್ವಾ," ಎಂದರು ಅಕ್ಕ. "ಬ್ಯಾರೆ ಡಬ್ಬದಲ್ಲೆಲ್ಲ ಸ್ಕ್ರೂ ಆದ್ಮೇಲೆ ಎಲ್ಡು ಬೆಳ್ಳಗಲ ಜಾಗ ಬುಟ್ಟು ಗ್ವಾಡ. ಇದ್ರಲ್ಲಿ ಸ್ಕ್ರೂ ಮ್ಯಾಲೇ ಗ್ವಾಡ ಕುಂತದ. ಅಂದ್ರ ಮೊದ್ಲು ಸ್ಕ್ರೂ ಒಡೆದವ್ರೆ, ಆಮ್ಯಾಕೆ ಗ್ವಾಡ ಬಂದದ. ಅದೆಂಗವ್ವ?"

ನಿಜ, ಅದು ಹೇಗೆ? ಗೋಡೆ ಮಿಕ್ಕ ಗೋಡೆಗಳ ಹಾಗೆಯೇ ಉಬ್ಬುತಗ್ಗಿನ ತಗಡು, ಅದೇ ಬೂದು ಬಣ್ಣ. ಏನೂ ಅನುಮಾನ ಬರುವಂತಿರಲಿಲ್ಲ. ವಿದೇಶದ ಕಾಗದದ ಜೊತೆ ಬಂದಿದ್ದ ಇಂಗ್ಲಿಷ್ ಟಿಪ್ಪಣಿಯಲ್ಲಿ, ಹೊರಗೆ ಕಾಣುವ ಗಾಳಿಕಿಂಡಿ ಒಳಗೂ ಕಾಣಬೇಕು ಎಂದೇನೋ ಇತ್ತಲ್ಲ ಎಂದು ಹೊಳೆಯಿತು. ಹೊರಗಿಳಿದು ಸುತ್ತಿ ಬಂದು ನೋಡಿದೆ. ಲಾರಿಯ ತಲೆಯ ಕಡೆಗೆ, ಮೇಲಿನ ಮೂಲೆಯ ಹತ್ತಿರ, ಅಂಗೈಯಗಲದ ಗಾಳಿಕಿಂಡಿ ಇತ್ತು. ಮತ್ತೆ ಒಳಗೆ ಬಂದು ಅದೇ ಮೂಲೆಗೆ ತಲೆಯೆತ್ತಿದೆ. ಒಳಗೆ ಇರಲಿಲ್ಲ. ಬಾಗಿಲ ಕಡೆಯ ಕಿಂಡಿಯಿಂದ ಬೆಳಕಿನ ಸಣ್ಣ ಚುಕ್ಕಿಗಳು ಬೀಳುತ್ತಿದ್ದವು, ಈ ಕಡೆ ಬರೀ ಕತ್ತಲು.

ಭಯಕ್ಕಿಂತ ಹೆಚ್ಚಾಗಿ, ಒಂದು ಲೆಕ್ಕ ತಪ್ಪಿದೆ ಎಂದು ಗೊತ್ತಾದಾಗ ಆಗುವಂಥ ಕುತೂಹಲ. ಮೇಂಟೆನೆನ್ಸಿನವರಿಂದ ಟೇಪು ತಂದೆ. ಒಂದು ತುದಿ ಅಕ್ಕ ಹಿಡಿದರು, ಇನ್ನೊಂದು ನಾನು. ಇಪ್ಪತ್ತು ಅಡಿಯ ಕಂಟೈನರಿನ ಒಳಗೆ ಹತ್ತೊಂಬತ್ತು ಅಡಿ ನಾಲ್ಕಿಂಚು ಇರಬೇಕು. ಹದಿನೆಂಟು ಅಡಿ ಎರಡು ಇಂಚು ಬಂತು. ಇನ್ನೊಮ್ಮೆ ಅಳೆದೆವು. ಅಷ್ಟೇ.

ಮ್ಯಾನೇಜರು ಬಂದರು. "ಯಾವಾಗಲೋ ಗೋಡೆ ಡ್ಯಾಮೇಜ್ ಆಗಿರುತ್ತೆ, ಇನ್ನೊಂದು ಶೀಟ್ ಹೊಡೆದಿರ್ತಾರೆ. ರಿಪೇರಿ ಕಣ್ರೀ ಅದು. ಹಡಗು ಶುಕ್ರವಾರ. ಲೋಡ್ ಮಾಡಿಸಿ."

ಆ ಸಲದ ಸರಕು ಡ್ರಮ್ಮುಗಳಾಗಿದ್ದರೆ ಕೊನೆಯ ಸಾಲು ಹಿಡಿಸದೆ ತುಂಬುವವರೇ ಗಲಾಟೆ ಮಾಡುತ್ತಿದ್ದರು. ಆದರೆ ಅದು ಗಾಜಿನ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳು. ಜಾಗ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಒಂದಡಿ ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ.

"ಸಾರ್, ರಿಪೇರಿ ಆದ್ರೆ ಹದಿನಾಲ್ಕು ಇಂಚು ಮುಂದಕ್ಕೆ ಯಾಕೆ ಹೊಡೀತಾರೆ?" ಎಂದೆ.

"ನೀವೇ ಟಿಕ್ ಹಾಕಿದೀರಲ್ರೀ." ಅವರು ನನ್ನ ಮೇಜಿನಿಂದ ಹಾಳೆಯನ್ನು ಎತ್ತಿಕೊಂಡೇ ಬಂದಿದ್ದರು. "ಮುಂದಿನ ಗೋಡೆ, ಸರಿ ಇದೆ. ನಿಮ್ಮದೇ ಸೈನು."

ಅಕ್ಕ ನನ್ನ ಮುಖ ನೋಡಿದರು. ಪೊರಕೆಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಳ್ಳುತ್ತಾ ನಿಂತರು.

"ನೋಡದೆ ಹಾಕಿದೆ ಸಾರ್," ಎಂದೆ. "ಇದೊಂದೇ ಅಲ್ಲ. ಎಲ್ಲಾನೂ ನೋಡದೇ ಹಾಕಿದೀನಿ."

ಮ್ಯಾನೇಜರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ಕೂಟರಿನ ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು. ಪಕ್ಕದ ಗೋಡೆಗೆ ಕುಟ್ಟಿದರು. ಠಣ್ ಎಂದಿತು. ಮುಂದಿನ ಗೋಡೆಗೆ ಕುಟ್ಟಿದರು. ಅದು ಬೇರೆ ದನಿ, ಖಾಲಿ ಬೀರುವಿನ ಬಾಗಿಲು ತಟ್ಟಿದ ಹಾಗೆ. ಮತ್ತೆ ಎರಡು ಕಡೆಯೂ ತಟ್ಟಿ ನೋಡಿ ಹೊರಗೆ ಬಂದು, "ಎಕ್ಸೈಸ್ ಆಫೀಸಿಗೆ ಫೋನ್ ಮಾಡ್ತೀನಿ. ಆ ಹಾಳೆ ಹರಿದು ಹೊಸದು ಬರೀರಿ. ಈ ಸಲ ನೋಡಿ ಬರೀರಿ," ಎಂದರು. ಅವರ ಮುಖದಲ್ಲೂ ನನ್ನದೇ ಕುತೂಹಲ ಇತ್ತು.

ಎಕ್ಸೈಸ್ ಸಾಹೇಬರು ಮಧ್ಯಾಹ್ನ ಬಂದು ನೋಡಿದರು. ಅವರೂ ಮೈಸೂರಿಗೆ, ಬೆಂಗಳೂರಿಗೆ ಫೋನು ಹಚ್ಚಿದರು. ದೊಡ್ಡವರು ಬರುವವರೆಗೆ ಯಾರೂ ಮುಟ್ಟಬಾರದು, ಲಾರಿ ಕದಲಬಾರದು ಎಂದಾಯಿತು. ಡ್ರೈವರನನ್ನು ಕೂರಿಸಿ ಒಂದು ಗಂಟೆ ಪ್ರಶ್ನೆ ಕೇಳಿದರು. ಅವನು ಚೆನ್ನೈನ ಕಂಟೈನರ್ ಯಾರ್ಡಿನಲ್ಲಿ ಕೊಟ್ಟ ಡಬ್ಬವನ್ನು ಹೊತ್ತು ತಂದವನು, ಅಷ್ಟೇ. ಹೊರಗೆ ಬಂದವನೇ ಲಾರಿಯ ನೆರಳಿನಲ್ಲಿ ಟವೆಲು ಹಾಸಿ ಕೂತುಬಿಟ್ಟ.

"ನಾನ್ ಏನೂ ಮಾಡಿಲ್ಲೆ ಅಮ್ಮ," ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ ಇರಬೇಕು.

ಅಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ. "ನಾನು ಬಾಯಿ ಬುಟ್ಟಿದ್ದಕ್ಕೆ ಆ ಅಣ್ಣ ಸಿಕ್ಕಾಕೊಂಡ," ಎಂದರು. ತಮ್ಮ ಊಟದ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಅವನ ಮುಂದಿಟ್ಟರು. ಮುದ್ದೆ, ಹುರುಳಿ ಸಾರು. ಅವನು ಮುದ್ದೆಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ನೋಡುತ್ತಿದ್ದುದನ್ನು ಕಂಡು, "ಅಗಿಬ್ಯಾಡ, ನುಂಗು" ಎಂದು ಕೈಸನ್ನೆಯಲ್ಲಿ ತೋರಿಸಿದರು. ಮಾರನೇ ದಿನ ಅವನಿಗೆಂದೇ ಅನ್ನ ಮಾಡಿಕೊಂಡು ಬಂದರು.

ಆ ಮಾರನೇ ದಿನವೇ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎರಡು ಜೀಪುಗಳಲ್ಲಿ ಅಧಿಕಾರಿಗಳು ಬಂದರು. ಪಕ್ಕದ ವರ್ಕ್‌ಶಾಪಿನಿಂದ ವೆಲ್ಡಿಂಗಿನವನನ್ನು ಕರೆಸಿದರು. ಕಾರ್ಖಾನೆಯ ಅರ್ಧ ಜನ ಏನೇನೋ ನೆಪ ಮಾಡಿಕೊಂಡು ಕಟ್ಟೆಯ ಹತ್ತಿರ ಸುಳಿದಾಡುತ್ತಿದ್ದರು. ಮ್ಯಾನೇಜರು ಓಡಿಸಿದಷ್ಟೂ ಮತ್ತೆ ಬರುತ್ತಿದ್ದರು. ಚಿನ್ನ ಇರುತ್ತೆ ಎಂದು ಒಬ್ಬ, ಗಾಂಜಾ ಎಂದು ಇನ್ನೊಬ್ಬ, ಶ್ರೀಗಂಧ ಎಂದು ಮತ್ತೊಬ್ಬ. ನಾನು ಅಕ್ಕನ ಪಕ್ಕದಲ್ಲಿ ನಿಂತಿದ್ದೆ. ಒಳಗಿನಿಂದ ಕತ್ತರಿಸುವ ಸದ್ದು, ಸುಟ್ಟ ಬಣ್ಣದ ವಾಸನೆ. ಕೊನೆಗೆ ಬಾಗಿಲಷ್ಟು ಅಗಲದ ತಗಡು ಬಿಚ್ಚಿಕೊಂಡು ಧಡಾರೆಂದು ಬಿತ್ತು. ಎಲ್ಲರೂ ಕತ್ತು ಚಾಚಿ ನೋಡಿದರು.

ಒಳಗೆ ಏನೂ ಇರಲಿಲ್ಲ.

ಹದಿನಾಲ್ಕು ಇಂಚು ಅಗಲದ, ಸೂರಿನವರೆಗೂ ಎತ್ತರದ ಒಂದು ಸಂದು. ಅದರ ಹಿಂದೆ ನಿಜವಾದ ಗೋಡೆ, ಮೇಲಿನ ಮೂಲೆಯಲ್ಲಿ ನಾನು ಹೊರಗಿನಿಂದ ಕಂಡಿದ್ದ ಗಾಳಿಕಿಂಡಿ. ನೆಲದ ಮೇಲೆ ಧೂಳು, ಒಂದಿಷ್ಟು ಸಣಬಿನ ನಾರು, ಅಂಟುಪಟ್ಟಿಯ ಒಂದು ಖಾಲಿ ಸುರುಳಿ. ಅಧಿಕಾರಿಗಳು ಕೈಗವಸು ಹಾಕಿಕೊಂಡು ಧೂಳನ್ನು ಚೀಲಕ್ಕೆ ತುಂಬಿಕೊಂಡರು, ಫೋಟೋ ತೆಗೆದರು, ಬರೆದುಕೊಂಡರು. ಅವರಲ್ಲಿ ಹಿರಿಯರೊಬ್ಬರು ಮ್ಯಾನೇಜರನ್ನು, "ಯಾರು ಕಂಡುಹಿಡಿದದ್ದು?" ಎಂದು ಕೇಳಿದರು.

"ನಮ್ಮ ಡಿಸ್ಪ್ಯಾಚ್ ಟೀಮು ಸಾರ್," ಎಂದರು ಮ್ಯಾನೇಜರು.

ನಾನು, "ಇವರು ಸಾರ್" ಎಂದು ಅಕ್ಕನ ಕಡೆ ಕೈ ತೋರಿಸಿದೆ. ಅಕ್ಕ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಆ ಅಧಿಕಾರಿ ಹತ್ತಿರ ಬಂದು ಹೇಗೆ ಗೊತ್ತಾಯಿತು ಎಂದು ಕೇಳಿದಾಗ, ಅವರನ್ನು ಒಳಗೆ ಕರೆದುಕೊಂಡು ಹೋಗಿ, ಕುಕ್ಕರಗಾಲಲ್ಲಿ ಕೂರಿಸಿ ಸ್ಕ್ರೂಗಳನ್ನು ತೋರಿಸಿದರು. ತೋರಿಸಿ ಮುಗಿಸಿ ತಾವೂ ಒಂದು ಪ್ರಶ್ನೆ ಕೇಳಿದರು. "ಬುದ್ದಿ, ಇದರಲ್ಲಿ ಯಾನ ಮಡಗಿದ್ರು?"

"ಗೊತ್ತಿಲ್ಲಮ್ಮ. ಆ ಕೆಲಸ ಎಲ್ಲೋ ಮುಗಿದುಹೋಗಿದೆ. ಡಬ್ಬ ಮಾತ್ರ ಸುತ್ತುತ್ತಾ ಇದೆ," ಎಂದರು ಅವರು.

ಅಂದು ಮಧ್ಯಾಹ್ನವೇ ಡ್ರೈವರನನ್ನು ಬಿಟ್ಟರು. ಅವನು ಲಾರಿಯ ತಲೆಯನ್ನು ಬಿಚ್ಚಿಕೊಂಡು, ಡಬ್ಬ ಹೊತ್ತ ಗಾಡಿಯನ್ನು ನಮ್ಮಲ್ಲೇ ನಿಲ್ಲಿಸಿ ಹೊರಟ. ಅಕ್ಕನಿಗೆ ಕೈಮುಗಿದು ಹೋದ. ಅಧಿಕಾರಿಗಳು ಹೋದ ಮೇಲೆ ಅಕ್ಕ ನನ್ನನ್ನು ಕರೆದು, ತಡೆಯುವಷ್ಟರಲ್ಲಿ ಆ ಸಂದಿಯೊಳಗೆ ಅಡ್ಡಲಾಗಿ ನುಸುಳಿ ನಿಂತೇಬಿಟ್ಟರು. ಬೆನ್ನು ಒಂದು ಗೋಡೆಗೆ, ಮೂಗು ಕತ್ತರಿಸದೆ ಉಳಿದ ತಗಡಿನ ಕಡೆಗೆ.

"ಒಂದಾಳು ನಿಂತ್ಕಬೋದು ಕನವ್ವ," ಎಂದರು ಒಳಗಿನಿಂದ. "ಕುಂತ್ಕಳಕ್ಕಾಗಕಿಲ್ಲ. ನಿಂತೇ ಇರಬೇಕು."

ಅದುವರೆಗೆ ನಾನು ಸಾಮಾನಿನ ಬಗ್ಗೆಯಷ್ಟೇ ಯೋಚಿಸಿದ್ದೆ. ಮನುಷ್ಯರ ಯೋಚನೆ ನನಗೆ ಬಂದಿರಲಿಲ್ಲ.

ಹಡಗು ತಪ್ಪಿತು. ಬೇರೆ ಕಂಟೈನರು ಬಂದು ಸರಕು ಒಂದು ವಾರ ತಡವಾಗಿ ಹೋಯಿತು. ಕೊಳ್ಳುವ ಕಂಪನಿಯವರು ಕೋಪ ಮಾಡಿಕೊಳ್ಳದೆ ಮೆಚ್ಚುಗೆಯ ಪತ್ರ ಬರೆದರು. ಮ್ಯಾನೇಜರು ಅದನ್ನು ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಕನ್ನಡ ಮಾಡಿ ಓದಿ, "ಇದು ಅಕ್ಕಂಗೆ ಬಂದ ಕಾಗದ" ಎಂದರು. ಹಾಳೆಯಲ್ಲಿ ಎಂಟನೆಯ ಚೌಕ ಬಂತು, ಒಳಗಿನ ಉದ್ದ ಅಳೆದದ್ದು. ಒಂಬತ್ತನೆಯದನ್ನು ನಾನೇ ಸೇರಿಸಿದೆ, ನೆಲದ ಸ್ಕ್ರೂ. ಟೇಪಿನ ಒಂದು ತುದಿ ಅಕ್ಕ, ಇನ್ನೊಂದು ನಾನು. ಗುಡಿಸುವ ಕೆಲಸದ ಜೊತೆಗೆ ತಪಾಸಣೆಯವರು ಎಂದು ಅವರ ಹೆಸರೂ ಹಾಜರಿಯ ಮಸ್ಟರಿನಲ್ಲಿ ಬೇರೆ ಕಡೆ ಏರಿತು.

ಆ ಡಬ್ಬ ಎಲ್ಲೆಲ್ಲಿ ಸುತ್ತಿ ಬಂದಿತ್ತು ಎಂಬುದು ನಮ್ಮಿಬ್ಬರನ್ನೂ ಬಿಡಲಿಲ್ಲ. ಚೆನ್ನೈನ ಶಿಪ್ಪಿಂಗ್ ಏಜೆಂಟರ ಆಫೀಸಿನಲ್ಲಿ ನನ್ನ ಹಾಗೆಯೇ ಒಬ್ಬ ಗುಮಾಸ್ತೆ ಇದ್ದಳು. ದಿನಾ ಫೋನಿನಲ್ಲಿ ಮಾತಾಡುತ್ತಿದ್ದೆವು, ಮುಖ ನೋಡಿದವರಲ್ಲ. ಅವಳನ್ನು ಕಾಡಿ ಕಾಡಿ ಕೇಳಿದೆ. ಎರಡು ವಾರದ ಮೇಲೆ ಒಂದು ಪಟ್ಟಿ ಓದಿ ಹೇಳಿದಳು. ನಾನು ನಂಜನಗೂಡಿನ ಬಜಾರಿನಲ್ಲಿ ಸ್ಕೂಲು ಮಕ್ಕಳ ಅಟ್ಲಾಸ್ ಕೊಂಡು ತಂದೆ. ಊಟದ ಹೊತ್ತಿನಲ್ಲಿ ಅಕ್ಕ, ನಾನು ಅದನ್ನು ಕಟ್ಟೆಯ ಮೇಲೆ ಹರಡಿಕೊಂಡು ಕೂರುತ್ತಿದ್ದೆವು. ಕೊಲಂಬೊ, ಸಿಂಗಪುರ, ಮೊಂಬಾಸಾ, ಮತ್ತೆ ಸಿಂಗಪುರ, ಚೆನ್ನೈ. ನಾನು ಊರು ತೋರಿಸಿದರೆ ಅಕ್ಕ ನೀಲಿಯ ಮೇಲೆ ಬೆರಳೆಳೆದುಕೊಂಡು ಹೋಗುತ್ತಿದ್ದರು.

"ಇಷ್ಟು ದೂರಕ್ಕೆ ಎಷ್ಟು ದಿನ?"

"ಹದಿನೈದು ದಿನ ಆಗಬೋದು ಅಕ್ಕ."

ಅವರು ಬೆರಳನ್ನು ಅಲ್ಲೇ, ಸಮುದ್ರದ ನಡುವೆ ನಿಲ್ಲಿಸಿದರು. "ಇಲ್ಲಿ ಕೂಗುದ್ರ ಯಾರ್ಗ ಕೇಳ್ತದ," ಎಂದರು.

ಆಮೇಲೆ ಅವರಿಗೊಂದು ಹೊಸ ರೂಢಿ ಶುರುವಾಯಿತು. ಖಾಲಿ ಡಬ್ಬದ ಬಾಗಿಲು ತೆಗೆದು ಉಸಿರೆಳೆದುಕೊಂಡ ಮೇಲೆ, ಪೊರಕೆ ಹಿಡಿಯಿಂದ ಮುಂದಿನ ಗೋಡೆಗೆ ಮೂರು ಸಲ ಕುಟ್ಟಿ, "ಯಾರಾರ ಇದ್ದೀರಾ?" ಎಂದು ಕೂಗಿ, ಕಿವಿಯಿಟ್ಟು ಕೇಳುತ್ತಿದ್ದರು. ತುಂಬುವವರು ನಕ್ಕರು. "ಅಕ್ಕಾ, ಕಾಪಿ ಕೊಡಬೇಕಾ ಅವರಿಗೆ?" ಎಂದು ಛೇಡಿಸಿದರು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಅವರು ರಜೆ ಹಾಕಿದ ದಿನ ನಾನೇ ಹೋಗಿ ಕುಟ್ಟಿದೆ. ಕೂಗಲು ನಾಚಿಕೆಯಾಗಿ ಸುತ್ತ ನೋಡಿ ಮೆಲ್ಲಗೆ ಕೇಳಿದೆ. ನನ್ನ ದನಿಯೇ ತಿರುಗಿ ಬಂತು. ಒಂದು ನಿಮಿಷ ಕಾದೆ.

ಧೂಳಿನ ಪರೀಕ್ಷೆಯಲ್ಲಿ ಏನು ಬಂತು ಎಂದು ನಮಗೆ ಯಾರೂ ತಿಳಿಸಲಿಲ್ಲ. ಎಕ್ಸೈಸ್ ಸಾಹೇಬರನ್ನು ನಾಲ್ಕೈದು ಸಲ ಕೇಳಿದೆ. ಫೈಲು ಮೇಲೆ ಹೋಗಿದೆಯಮ್ಮ ಎಂದಷ್ಟೇ ಹೇಳಿದರು. ಆಮೇಲೆ ಅವರಿಗೂ ವರ್ಗವಾಯಿತು.

ಸುಮಾರು ಎಂಟು ತಿಂಗಳ ಮೇಲೆ ಆ ಸೇಲಂನ ಡ್ರೈವರ್ ಇನ್ನೊಂದು ಖಾಲಿ ಕಂಟೈನರು ತಂದ. ಲಾರಿ ನಿಲ್ಲಿಸಿದವನೇ ಅಕ್ಕನನ್ನು ಹುಡುಕಿಕೊಂಡು ಬಂದು ಒಂದು ಪೊಟ್ಟಣ ಮಾವಿನಹಣ್ಣು ಕೊಟ್ಟ. ಆ ಡಬ್ಬದ ನಂಬರು ಅವನಿಗೆ ಬಾಯಿಪಾಠವಾಗಿತ್ತು. ಅದನ್ನು ಹಡಗಿನ ಕಂಪನಿಯವರು ಗುಜರಿಗೆ ಹಾಕಿದರಂತೆ. ಯಾರ್ಡಿನ ಹೊರಗೆ ಒಬ್ಬರು ಕೊಂಡುಕೊಂಡು ಅದರಲ್ಲಿ ಟೀ ಅಂಗಡಿ ಇಟ್ಟಿದ್ದಾರಂತೆ.

"ನಾನ್ ಅಲ್ಲೇ ಟೀ ಕುಡಿಯೋದು ಅಕ್ಕ," ಎಂದ. ಅಷ್ಟರಲ್ಲಿ ಒಂದಿಷ್ಟು ಕನ್ನಡ ಕಲಿತಿದ್ದ. "ಮುಂದಿನ ಗೋಡೆ ಕಟ್ ಮಾಡಿ ದೊಡ್ಡ ಕಿಟಕಿ ಇಟ್ಟಿದಾರೆ."

"ಟೀ ಎಂಗದ?" ಎಂದರು ಅಕ್ಕ.

"ಸುಮಾರು."

ಅಕ್ಕ ಜೋರಾಗಿ ನಕ್ಕರು. ಒಂದು ಮಾವಿನಹಣ್ಣು ನನ್ನ ಕೈಗೆ ಹಾಕಿ, ಮಿಕ್ಕವನ್ನು ಚೀಲಕ್ಕೆ ಸೇರಿಸಿ, ಅವನು ತಂದಿದ್ದ ಡಬ್ಬದ ಬಾಗಿಲು ತೆಗೆಯಲು ಎದ್ದರು. ನಾನು ಟೇಪು ಹುಡುಕಿಕೊಂಡು ಹಿಂದೆ ಹೋದೆ.